ಕ್ಯಾನ್ಸರ್ ರೋಗಿ ಮನ್ಯಾಗ ಇದ್ದಾರ, ಖರ್ಚು ಎಲ್ಲಿ ಕಡಿಮಿ ಮಾಡಬಹುದು?

ಪ್ರಶ್ನೆ: ಆಶಾ ಮೇಲ್ವಿಚಾರಕಿ, ಚಿಂಚೋಳಿ ತಾಲ್ಲೂಕು
ಬಾಯಿ ಕ್ಯಾನ್ಸರ್ ಆಗಿರೋ ಹಿರಿಯರೊಬ್ಬರಿಗೆ ಇನ್ನ ಆಪರೇಷನ್, ಕರೆಂಟ್ (ರೇಡಿಯೇಷನ್) ಎರಡೂ ಬ್ಯಾಡ, ಮನ್ಯಾಗ ಆರಾಮಾಗಿ ಇಡ್ರಿ ಅಂತ ಡಾಕ್ಟರ್ ಹೇಳ್ಯಾರ. ಬಿಪಿಎಲ್ ಕಾರ್ಡ್ ಅದ. ಆದ್ರೂ ಮನಿಯವರು ಎರಡು ಎಕರೆ ತೊಗರಿ ಹೊಲ ಒತ್ತಿ ಇಡೋ ಮಾತಾಡ್ತಿದ್ದಾರ. ವಾರಕ್ಕೆರಡು ಸಲ ಜೀಪ್ ಮಾಡ್ಕೊಂಡು ಕಲಬುರಗಿ, ದಿನಾ ಒಂದು ಸಲಾಯಿನ್, ಮ್ಯಾಲೆ ಗಾಯದ ಪಟ್ಟಿ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಾಗ ಇದ್ಯಾವುದೂ ಬರಲ್ಲೇನ್ರಿ?

ಉತ್ತರ: ಫಾರ್ಮಸಿಸ್ಟ್, ಕಲಬುರಗಿ
ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಅದ ಖರೆ, ಆದ್ರ ಅದು ಆಸ್ಪತ್ರ್ಯಾಗ ಅಡ್ಮಿಟ್ ಆದವರ ಚಿಕಿತ್ಸಾಕ್ಕ. ಜೀಪಿನ ಬಾಡಿಗಿ, ಮನ್ಯಾಗ ಕೊಡೋ ಗುಳಿಗಿ, ಹತ್ತಿ-ಪಟ್ಟಿ, ಕೂಲಿ ಬಿಟ್ಟು ಕೂತವರ ಪಗಾರ, ಇವು ಅದರಾಗ ಬರಲ್ಲ. ಹೊಲ ಕರಗೋದು ಇಲ್ಲೇ. ಜೀಪ್ ನಿಲ್ಲಬೇಕಂದ್ರ ಮೊದಲು ನೋವು ನಿಲ್ಲಬೇಕು.

ಜೋರು ನೋವಿಗೆ ಕೊಡೋ ಮಾರ್ಫಿನ್ ಬಗ್ಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕಲಬುರಗಿ ಕೇಂದ್ರದಾಗ ವಿಚಾರಿಸ್ರಿ. ಗುಳಿಗಿ ಭಾಳ ತುಟ್ಟಿ ಅಲ್ಲ, ಆದ್ರ ಸಾದಾ ಮೆಡಿಕಲ್‌ನಾಗ ಸಿಗಲ್ಲ. 2014ರಾಗ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ತಿದ್ದುಪಡಿ ಆದ ಮ್ಯಾಲೆ ಮಾನ್ಯತೆ ಪಡೆದ ಸಂಸ್ಥೆಗಳು ಇಟ್ಕೊಂಡು ಕೊಡಬಹುದು. ಮುಂದಿನ ಸಲ ಫೈಲ್ ಹಿಡ್ಕೊಂಡು ಮನಿಯವರೇ ಬಂದ್ರ ಕೊಡ್ತೀರೇನು, ಎಷ್ಟು ದಿನದ್ದು ಕೊಡ್ತೀರಿ ಅಂತ ಮೊದಲ ದಿನಾನೇ ಕೇಳ್ರಿ. ಹೋಗೋರು ಸೊಸಿ ಅಥವಾ ಮಗಳಾದ್ರ ಶಕ್ತಿ ಯೋಜನೆಯಾಗ ಸಾದಾ ಬಸ್ಸಿಗೆ ಚಾರ್ಜ್ ಇಲ್ಲ. ಹೈದ್ರಾಬಾದ್, ಸೊಲ್ಲಾಪುರಕ್ಕ ಅದು ನಡೆಯಲ್ಲ.

ಎಲ್ಲಾರೂ ತಪ್ಪೋದು ಟೈಮಿನಾಗ. ನೋವು ಬಂದಾಗ ಕೊಡೋದಲ್ಲ, ಸಾದಾ ಮಾರ್ಫಿನ್ 4 ತಾಸಿಗೊಮ್ಮೆ ಕೊಡಬೇಕು: 6, 10, 2, 6, ರಾತ್ರಿ 10. ನಿದ್ದಿ ಕೆಡಬಾರದಂತ ರಾತ್ರಿ 10ರದ್ದು ಸಾಮಾನ್ಯವಾಗಿ ಡಬಲ್ ಬರಿತಾರ. ಡೋಸ್ ಡಾಕ್ಟರ್ ಬರೆದಷ್ಟೇ. ಮೊದಲ ದಿನದಿಂದಾನೇ ಬಿಸಾಕೊಡಿಲ್‌ನಂಥ ಭೇದಿ ಗುಳಿಗಿ ಜೋಡಿಗೆ ಇರಬೇಕು. ಅದು ಬಿಟ್ರ ಹೊಟ್ಟಿ ಕಟ್ಟಿ, ಆ ತ್ರಾಸಿಗೇ ಮತ್ತ ಜೀಪ್ ಕಟ್ಟಬೇಕಾಗ್ತದ. ಮಾರ್ಫಿನ್ ಒಮ್ಮೆಲೆ ನಿಲ್ಲಿಸಬ್ಯಾಡ್ರಿ. ಎಬ್ಬಿಸಿದ್ರೂ ಏಳದಷ್ಟು ಮಂಪರಿದ್ರ ಮುಂದಿನ ಡೋಸ್ ತಡೆದು ಡಾಕ್ಟರಿಗೆ ಫೋನ್ ಮಾಡ್ರಿ.

ಉತ್ತರ: ಸ್ಟಾಫ್ ನರ್ಸ್, ಬೀದರ್
ಸಲಾಯಿನ್ ಬಗ್ಗೆ ಮನಿಯವರಿಗೆ ಕೂತು ತಿಳಿಸಿ ಹೇಳ್ರಿ ಅಕ್ಕಾ. ಅರ್ಧ ಲೀಟರಿನ 5% ಗ್ಲೂಕೋಸ್ ಬಾಟ್ಲ್ಯಾಗ ಇರೋದು 25 ಗ್ರಾಂ ಸಕ್ಕರಿ, ಅಂದ್ರ ಐದಾರು ಚಮಚ. ಒಂದು ರೊಟ್ಟಿಯಷ್ಟೂ ಶಕ್ತಿ ಬರಲ್ಲ. ಕಡೀ ದಿನಗಳಾಗ ಹೆಚ್ಚು ನೀರು ಏರಿಸಿದ್ರ ಬಾವು, ದಮ್ಮು ಹೆಚ್ಚಾಗ್ತದ. ಚಮಚದಲೆ ಬಾಯಿ ತೋಯಿಸ್ತಿರ್ರಿ.

ಗಾಯಕ್ಕ: ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು. ಹಳೇ ಕಾಟನ್ ಧೋತರ ತೊಳೆದು, ತುಂಡು ಮಾಡಿ, ಮುಚ್ಚಳ ಬಿಗಿ ಮಾಡದ ಸ್ಟೀಲ್ ಡಬ್ಬ್ಯಾಗ ಹಾಕಿ ಕುಕ್ಕರ್‌ನಾಗ 30 ನಿಮಿಷ ಉಗಿ ಕೊಟ್ರ ಪಟ್ಟಿ ತಯಾರು. ಹಳೇ ಪಟ್ಟಿ ಒಣಾ ಇದ್ದಾಗ ಎಳೆದ್ರ ರಕ್ತ ಒಸರ್ತದ, ಉಪ್ಪಿನ ನೀರಿನಾಗ ನೆನೆಸಿ ತೆಗಿರಿ. ವಾಸನಿಗೆ ಮೆಟ್ರೊನಿಡಜೋಲ್ 400 ಗುಳಿಗಿ ನುಣ್ಣಗ ಪುಡಿ ಮಾಡಿ ಉದುರಿಸೋದು, ಡಾಕ್ಟರ್ ಕಡೆ ಬರೆಸ್ಕೊಳ್ರಿ, ಜನೌಷಧಿ ಅಂಗಡ್ಯಾಗ ಅಗ್ಗ. ಸೊಳ್ಳಿ ಪರದೆ ಹಗಲೂ ಇರಲಿ, ನೊಣ ಕೂತ್ರ ಹುಳ ಬೀಳ್ತಾವ.

ಪ್ರಶ್ನೆ ಕೇಳಿದವರು
ಅವರಿಗೆ ಮೂಗಿನ ನಳಿಗಿ ಹಾಕ್ಯಾರ. ಗುಳಿಗಿ ಹೆಂಗ ಕೊಡೋದ್ರಿ?

ಫಾರ್ಮಸಿಸ್ಟ್, ಕಲಬುರಗಿ
ಸಾದಾ ಮಾರ್ಫಿನ್ ಪುಡಿ ಮಾಡಿ ನೀರಾಗ ಕಲಸಿ ಹಾಕಬಹುದು. ಚೀಟಿ ಮ್ಯಾಲೆ ‘ಎಸ್‌ಆರ್’ (ನಿಧಾನಕ್ಕ ಔಷಧ ಬಿಡೋ ಗುಳಿಗಿ) ಅಂತಿದ್ರ ಪುಡಿ ಮಾಡಲೇಬ್ಯಾಡ್ರಿ, 12 ತಾಸಿನ ಔಷಧ ಒಮ್ಮೆಲೆ ಇಳಿದು ಉಸಿರಿಗೆ ಕುತ್ತು. ಬಿಸಾಕೊಡಿಲ್ ಸಹಿತ ಪುಡಿ ಮಾಡಬಾರದು, ನಳಿಗಿ ಅದ ಅಂತ ಹೇಳಿ ದ್ರವದ ಭೇದಿ ಔಷಧ ಬರೆಸ್ಕೊಳ್ರಿ. ಗಂಜಿ ಸೋಸಿ ಹಾಕ್ರಿ, ಹಾಕೋ ಮೊದಲೂ ಆಮ್ಯಾಲೂ 30 ಮಿ.ಲೀ. ನೀರು ಬಿಡ್ರಿ, ಇಲ್ಲಂದ್ರ ನಳಿಗಿ ಕಟ್ಟತದ. ತಲಿ ಎತ್ತರಿಸಿ ಕೂಡಿಸಿ ಹಾಕ್ರಿ, ಅರ್ಧ ತಾಸು ಹಂಗೇ ಇರಲಿ.