ಕೆಲಸ ಹೋಯ್ತು, ಹೆಂಡತಿಗೆ ಇನ್ನೂ ಮೂರು ಕೀಮೋ ಬಾಕಿ. ದಾರಿ ಹೇಳಿ

ತಿಪಟೂರಿನ ಅಳಿಯ:

ಎಲ್ಲರಿಗೂ ನಮಸ್ಕಾರ. ಸುತ್ತಿ ಬಳಸಿ ಬರೆಯುವ ಶಕ್ತಿ ಇಲ್ಲ, ನೇರವಾಗಿ ಕೇಳುತ್ತೇನೆ. ಪೀಣ್ಯದ ಒಂದು ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಈಗ ನಮ್ಮ ಸೆಕ್ಷನ್ನನ್ನೇ ಮುಚ್ಚುತ್ತಿದ್ದಾರೆ. ಈ ತಿಂಗಳು 30 ನನ್ನ ಕೊನೆಯ ದಿನ.

ಹೆಂಡತಿಗೆ 38 ವರ್ಷ. ಸ್ತನ ಕ್ಯಾನ್ಸರ್, ಹರ್-2 ಪಾಸಿಟಿವ್, ಅಂದರೆ ಆ ಹೆಸರಿನ ಪ್ರೋಟೀನ್ ಜಾಸ್ತಿ ಇರುವ ಬಗೆ. ಆಪರೇಷನ್ ಆಗಿದೆ, ಆರು ಕೀಮೋದಲ್ಲಿ ಮೂರು ಮುಗಿದಿದೆ. ಜೊತೆಗೆ ಆ ಹರ್-2ಗೇ ಅಂತ ಕೊಡುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್, ಮೂರು ವಾರಕ್ಕೊಂದರಂತೆ ಒಂದು ವರ್ಷ. ಇಲ್ಲಿಯವರೆಗೆ ಆಫೀಸಿನ ಗ್ರೂಪ್ ಇನ್ಶೂರೆನ್ಸ್ ಇತ್ತು, ಖಾಸಗಿ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. ಐದು ಲಕ್ಷದಲ್ಲಿ ನಾಲ್ಕು ಆಗಲೇ ಖಾಲಿ. 30 ಆದ ಮೇಲೆ ಉಳಿದ ಒಂದೂ ಇಲ್ಲ.

ಕೈಯಲ್ಲಿ ಇರುವುದು 1 ಲಕ್ಷ 80 ಸಾವಿರ. ಬಾಡಿಗೆ ಮನೆ, ಬೈಕ್ ಸಾಲ, ಇಬ್ಬರು ಮಕ್ಕಳ ಫೀಸು. ಎಪಿಎಲ್ ಕಾರ್ಡ್. ಮಾವ ತಮ್ಮ ಒಂದೂವರೆ ಎಕರೆ ತೆಂಗಿನ ತೋಟ ಮಾರುತ್ತೇನೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಅಂತಿದ್ದಾರೆ. ಅವರು ಬದುಕುತ್ತಿರುವುದೇ ಅದರ ಕೊಬ್ಬರಿ ಮೇಲೆ. ಹೂಂ ಅನ್ನಲು ಬಾಯಿ ಬರುತ್ತಿಲ್ಲ, ಬೇಡ ಅನ್ನಲು ಧೈರ್ಯ ಇಲ್ಲ.

ಮೊನ್ನೆ ರಾತ್ರಿ ಎದ್ದು ನೋಡಿದರೆ ಇವಳು ಅಡುಗೆಮನೆಯಲ್ಲಿ ಕೂತು ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬಿಲ್‌ಗಳನ್ನು ಕೂಡಿಸುತ್ತಿದ್ದಳು. "ಮೂರು ಸಾಕಲ್ವಾ, ಈಗ ಚೆನ್ನಾಗೇ ಇದ್ದೀನಲ್ಲ" ಅಂದಳು. ಏನು ಹೇಳಲಿ? ಅರ್ಧದಲ್ಲಿ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ಬದಲಾಯಿಸಬಹುದಾ? ಅಥವಾ ತೋಟ ಮಾರುವುದೇ ಸರಿಯಾ?

ಅಮ್ಮನ ಫೈಲು:

ಸರ್, ಮೊದಲು ಅವರಿಗೆ ಹೇಳಿ, ಮೂರು ಸಾಕಾಗಲ್ಲ. ಗಡ್ಡೆ ತೆಗೆದಿದ್ದಾರೆ, ಅದಕ್ಕೆ ಚೆನ್ನಾಗಿದ್ದೀನಿ ಅನ್ನಿಸುತ್ತೆ. ಉಳಿದ ಕೀಮೋ ಇರುವುದು ಕಣ್ಣಿಗೆ ಕಾಣದೆ ಎಲ್ಲೋ ಉಳಿದಿರಬಹುದಾದ ಕಣಗಳಿಗೆ. ನಮ್ಮಮ್ಮನೂ ಇದೇ ಮಾತು ಆಡಿದ್ದರು, ದುಡ್ಡಿನ ಚಿಂತೆಯನ್ನು ಹೀಗೇ ಹೇಳೋದು ಇವರೆಲ್ಲ. ಡಾಕ್ಟರ ಬಾಯಿಂದಲೇ ಹೇಳಿಸಿ, ನೀವು ಹೇಳಿದರೆ ಕೇಳಲ್ಲ.

ಅರ್ಧದಲ್ಲಿ ಬದಲಾಯಿಸಬಹುದು, ನಾವು ಎರಡನೇ ಕೀಮೋ ಆದಮೇಲೆ ಹೋದೆವು. ಆದರೆ ಬರೀ ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ಹೋಗಬೇಡಿ. ಬಯಾಪ್ಸಿ ರಿಪೋರ್ಟ್, ಆಪರೇಷನ್ ರಿಪೋರ್ಟ್, ಹರ್-2 ಪರೀಕ್ಷೆಯ ರಿಪೋರ್ಟ್, ಕೊನೆಯ ಎಕೋ (ಹೃದಯದ ಸ್ಕ್ಯಾನ್), ಯಾವ ಔಷಧಿ ಎಷ್ಟು ಡೋಸ್ ಯಾವ ತಾರೀಖು ಕೊಟ್ಟರು ಅನ್ನುವ ಕೀಮೋ ಚಾರ್ಟ್, ಇಷ್ಟೂ ಬೇಕು. ಎಲ್ಲಕ್ಕಿಂತ ಮುಖ್ಯ ಬ್ಲಾಕ್ ಮತ್ತು ಸ್ಲೈಡ್. ಗಡ್ಡೆಯ ಚೂರನ್ನು ಮೇಣದ ಚಿಕ್ಕ ತುಂಡಿನಲ್ಲಿ ಇಟ್ಟಿರುತ್ತಾರಲ್ಲ, ಅದೇ ಬ್ಲಾಕ್. ಹೊಸ ಆಸ್ಪತ್ರೆಯವರು ಅದನ್ನು ತಾವೇ ಇನ್ನೊಮ್ಮೆ ನೋಡುತ್ತಾರೆ. ನಮ್ಮ ಹಳೇ ಆಸ್ಪತ್ರೆಯ ಲ್ಯಾಬ್ ಅದನ್ನು ಕೊಡಲು ಆರು ದಿನ ಓಡಾಡಿಸಿತು, ಅದಕ್ಕೆ ನಾಳೆಯೇ ಪತ್ರ ಬರೆದು ಕೊಡಿ.

ಎಪಿಎಲ್ ಅಂದ ತಕ್ಷಣ ಏನೂ ಸಿಗಲ್ಲ ಅಂದುಕೊಳ್ಳಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಕಡಿಮೆಯೇ, ಒಪ್ಪುತ್ತೇನೆ. ಆದರೆ ಸರ್ಕಾರಿ ಪ್ಯಾಕೇಜ್ ದರವೇ ಖಾಸಗಿ ಬಿಲ್‌ಗಿಂತ ಎಷ್ಟೋ ಕೆಳಗಿರುತ್ತೆ. ಆಸ್ಪತ್ರೆಯಲ್ಲೇ ಆರೋಗ್ಯಮಿತ್ರ ಅಂತ ಕೂತಿರುತ್ತಾರೆ, ಆಧಾರ್ ಮತ್ತು ರೇಷನ್ ಕಾರ್ಡ್ ತೋರಿಸಿ ಮೊದಲು ಅವರನ್ನೇ ಕೇಳಿ. ಇನ್‌ಕಮ್ ಟ್ಯಾಕ್ಸ್ ಕಟ್ಟಿದ್ದರೆ ಈಗ ಬಿಪಿಎಲ್ ಕಾರ್ಡಿನ ಹಿಂದೆ ಬಿದ್ದು ಸಮಯ ಹಾಳು ಮಾಡಿಕೊಳ್ಳಬೇಡಿ.

ಮೊದಲ ದಿನ ಇಂಜೆಕ್ಷನ್ ಆಗಲ್ಲ. ಫೈಲ್ ಮಾಡಿಸುವುದು, ತೋರಿಸುವುದು, ಅಷ್ಟರಲ್ಲಿ ಸಂಜೆ. ಮೊಸರನ್ನ ಕಟ್ಟಿಕೊಂಡು ಹೋಗಿ, ಒಂದು ಬೆಡ್‌ಶೀಟ್ ಇರಲಿ. ಬಸ್ಸಿನಲ್ಲಿ ಅವರಿಗೆ ಶಕ್ತಿ ಟಿಕೆಟ್ ಫ್ರೀ, ಆದರೆ ಕೀಮೋ ಆದ ವಾರ ರಶ್ ಬಸ್ ಬೇಡ, ಇನ್ಫೆಕ್ಷನ್ ಆದರೆ ಆಟೋ ದುಡ್ಡಿನ ಹತ್ತರಷ್ಟು ಹೋಗುತ್ತೆ.

ಟ್ರಾಸ್ಟುಜುಮ್ಯಾಬ್‌ಗೆ ಬಯೋಸಿಮಿಲರ್ ಬರೆದುಕೊಡಿ ಅಂತ ಕೇಳಿ, ಅಂದರೆ ಅದೇ ಔಷಧಿಯನ್ನು ಹೋಲುವಂತೆ ಬೇರೆ ಕಂಪನಿ ಮಾಡಿದ್ದು. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲೇ ಅದನ್ನು ಇಲ್ಲಿ ಮಾರುಕಟ್ಟೆಗೆ ಬಿಟ್ಟಿತು, ಈಗ ಬೇರೆ ಕಂಪನಿಗಳದ್ದೂ ಇದೆ. ಮೂಲ ಬ್ರ್ಯಾಂಡಿಗಿಂತ ಅಗ್ಗ.

ಫಾರಂ ನಂಬರ್ 31:

ನಾನು ಎಚ್‌ಆರ್‌ನಲ್ಲಿ ಇರೋನು, ಬೈಯಬೇಡಿ 😀 ದುಡ್ಡಿನ ಕಡೆ ಮಾತ್ರ ಹೇಳ್ತೀನಿ.

30ರ ಒಳಗೆ ಇನ್ನೊಂದು ಕೀಮೋ ಬರುತ್ತಾ ನೋಡಿ. ಬಂದರೆ ಅದನ್ನು ಈಗಿನ ಆಸ್ಪತ್ರೆಯಲ್ಲೇ, ಉಳಿದ ಒಂದು ಲಕ್ಷದಲ್ಲಿ ಮುಗಿಸಿ. ಜೊತೆಗೆ ಎಚ್‌ಆರ್‌ಗೆ ಇಮೇಲ್ ಹಾಕಿ, ಬಾಯಿಮಾತು ಬೇಡ. ಎರಡು ವಿಷಯ ಕೇಳಿ. ಪಾಲಿಸಿ ವರ್ಷ ಮುಗಿಯುವವರೆಗೆ ನಿಮ್ಮ ಹೆಸರು ಉಳಿಸಲು ಆಗುತ್ತಾ, ಬೇಕಾದರೆ ಪ್ರೀಮಿಯಂ ನಾನು ಕೊಡುತ್ತೇನೆ ಅನ್ನಿ. ಇನ್ನೊಂದು, ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅರ್ಜಿ. ಕಾಯಿಲೆ ಇರುವುದು ಗೊತ್ತಿರುವುದರಿಂದ ಅವರು ಸುಲಭವಾಗಿ ಒಪ್ಪಲ್ಲ, ಆದರೂ ಕವರ್ ಇರುವಾಗಲೇ ಕೇಳಬೇಕು. 30 ದಾಟಿದರೆ ಇನ್ನೂ ಕಷ್ಟ.

ಗ್ರಾಚ್ಯುಟಿ ಮರೆತಿದ್ದೀರಿ. ಐದು ವರ್ಷ ದಾಟಿದೆಯಲ್ಲ. ಬೇಸಿಕ್ 26,000 ಅಂದುಕೊಳ್ಳಿ, 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 15,000, ಒಂಬತ್ತು ವರ್ಷಕ್ಕೆ 1,35,000. ಮೂವತ್ತು ದಿನದಲ್ಲಿ ಕೊಡಬೇಕು. ಪಿಎಫ್‌ನಲ್ಲಿ ಹೆಂಡತಿಯ ಕಾಯಿಲೆಗೆ ಅಂತ ಅಡ್ವಾನ್ಸ್ ತೆಗೆಯಬಹುದು, ಆನ್‌ಲೈನ್‌ನಲ್ಲೇ ಫಾರಂ 31. ಬ್ಯಾಂಕ್ ಖಾತೆ, ಆಧಾರ್ ಎಲ್ಲ ಸರಿಯಾಗಿ ಜೋಡಣೆ ಆಗಿದೆಯಾ ಇವತ್ತೇ ನೋಡಿ. ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಕ್ಲೇಮ್ ವಾಪಸ್ ಬರುತ್ತೆ, ಇದನ್ನು ವಾರಕ್ಕೆರಡು ಸಲ ನೋಡುತ್ತೇನೆ.

ಕೆಲಸ ಹುಡುಕುವಾಗ ಸಂಬಳ ಒಂದನ್ನೇ ನೋಡಬೇಡಿ. ಬಹಳ ಗ್ರೂಪ್ ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಗೂ ಸೇರಿದ ದಿನದಿಂದ ಕವರ್ ಇರುತ್ತೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆ ಅದೊಂದನ್ನು ಕೇಳಿಕೊಳ್ಳಿ. ಸಂಬಳ ಹತ್ತು ಸಾವಿರ ಕಡಿಮೆ ಆದರೂ ಅಂಥ ಕೆಲಸವೇ ನಿಮಗೆ ಲಾಭ.

ಇದನ್ನು ಓದುವವರಲ್ಲಿ ಇಎಸ್‌ಐ ಇರುವವರು ಇದ್ದರೆ, ಕ್ಯಾನ್ಸರ್‌ಗೆ ಅಲ್ಲಿ ರಜೆಯ ಸಂಬಳವೇ ಬೇರೆ, 80 ಪರ್ಸೆಂಟ್, ಎರಡು ವರ್ಷದವರೆಗೆ. ಕೆಲಸ ಬಿಡುವ ಮುಂಚೆ ವಿಚಾರಿಸಿ.

ಖಡಕ್ ರೊಟ್ಟಿ:

ಎಲ್ಲರೂ ಸ್ಕೀಮ್ ಸ್ಕೀಮ್ ಅಂತೀರಿ, ನಾನು ಬೇರೆ ಮಾತು ಹೇಳ್ತೀನಿ. ನಮ್ಮಣ್ಣ ಹೊಲ ಮಾರಲ್ಲ ಅಂತ ಹಟ ಹಿಡಿದು ಎರಡು ತಿಂಗಳು ಸಹಿ, ಸೀಲು, ಎಂಎಲ್‌ಎ ಪತ್ರ ಅಂತ ಅಲೆದ. ಆ ಎರಡು ತಿಂಗಳು ಅತ್ತಿಗೆಗೆ ಕೀಮೋ ಇಲ್ಲ. ಆಮೇಲೆ ಹೊಲಾನೂ ಮಾರಿದ. ತೋಟ ಮತ್ತೆ ತಗೊಳ್ಳಬಹುದು ಗುರು.

ಅಮ್ಮನ ಫೈಲು:

ಅಣ್ಣಾ, ನಿಮ್ಮ ಮನೆಯಲ್ಲಿ ಆದದ್ದು ಕೇಳಿ ಬೇಜಾರಾಯ್ತು. ಆದರೆ ತಪ್ಪಾಗಿದ್ದು ಕೀಮೋ ತಪ್ಪಿಸಿದ್ದರಿಂದ, ಹೊಲ ಉಳಿಸಿದ್ದರಿಂದ ಅಲ್ಲ. ಇವರಿಗೆ ಮುಂದಿನ ಎರಡು ಕೀಮೋಗೆ ಕೈಯಲ್ಲೇ ದುಡ್ಡಿದೆ. ಅವಸರದಲ್ಲಿದ್ದಾರೆ ಅಂತ ಗೊತ್ತಾದರೆ ತೋಟಕ್ಕೆ ಅರ್ಧ ರೇಟೂ ಕೊಡಲ್ಲ ಊರವರು. ಮನೆಯಲ್ಲಿ ಒಡವೆ ಇದ್ದರೆ ಬ್ಯಾಂಕಲ್ಲಿ ಅಡ ಇಡಿ, ಬಿಡಿಸಿಕೊಳ್ಳಬಹುದು. ಕ್ರೆಡಿಟ್ ಕಾರ್ಡ್ ಮಾತ್ರ ಉಜ್ಜಬೇಡಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ, ಆದರೆ ಅದು ಬರುತ್ತೆ ಅಂತ ಕಾಯಬೇಡಿ. ಬಿಲ್ ಒಂದನ್ನೂ ಬಿಸಾಡಬೇಡಿ.

ತಿಪಟೂರಿನ ಅಳಿಯ:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕನೇ ಕೀಮೋ 24ಕ್ಕೆ ಬರುತ್ತೆ, ಇಲ್ಲೇ ಮಾಡಿಸುತ್ತೇನೆ. ಎಚ್‌ಆರ್‌ಗೆ ಮೇಲ್ ಹೋಯ್ತು. ಬ್ಲಾಕ್ ಗುರುವಾರ ಕೊಡುತ್ತಾರಂತೆ. ಪಿಎಫ್ ನೋಡಿದರೆ ಅಪ್ಪನ ಹೆಸರು ತಪ್ಪಿದೆ, ಒಂಬತ್ತು ವರ್ಷ ಬೇರೆಯವರ ಲೆಕ್ಕ ಸರಿ ಮಾಡಿದವನು ನಾನು! ಮಾವನಿಗೆ ಫೋನ್ ಮಾಡಿ ಈ ಯುಗಾದಿವರೆಗೆ ತೋಟದ ಮಾತು ಬೇಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಳನೀರು ಕಳಿಸ್ತೀನಿ ಅಂದರು.

ಒಂದೇ ಡೌಟು. ಇವಳ ಎದೆಯಲ್ಲಿ ಕೀಮೋ ಪೋರ್ಟ್ ಇದೆ, ಔಷಧಿ ಕೊಡಲು ಚರ್ಮದ ಕೆಳಗೆ ಕೂರಿಸಿರುವ ಪುಟ್ಟ ಡಬ್ಬಿ. ಹೊಸ ಕಡೆ ಅದನ್ನೇ ಬಳಸುತ್ತಾರಾ, ತೆಗೆಸಬೇಕಾ?

ಅಮ್ಮನ ಫೈಲು:

ತೆಗೆಸಬೇಡಿ ಸರ್. ಅಮ್ಮನಿಗೆ ಅದರಲ್ಲೇ ಕೊಟ್ಟರು. ಪೋರ್ಟ್ ಹಾಕಿದಾಗ ಒಂದು ಚಿಕ್ಕ ಕಾರ್ಡ್ ಕೊಟ್ಟಿರುತ್ತಾರೆ, ಅದನ್ನು ಫೈಲಿನ ಮೊದಲ ಪುಟಕ್ಕೆ ಪಿನ್ ಮಾಡಿ.