ಶನಿಯ ಪರ ವಕಾಲತ್ತು

ಮಂಜನ ಪ್ರಕಾರ ಲೋಕದಲ್ಲಿ ಆಗುವ ಎಲ್ಲ ಕೆಟ್ಟದ್ದಕ್ಕೂ ಒಬ್ಬನೇ ಕಾರಣ. ಸ್ಕೂಟರ್ ಪಂಕ್ಚರ್ ಆದರೆ ಶನಿ. ಇನ್‌ಕ್ರಿಮೆಂಟ್ ಬರದಿದ್ದರೆ ಶನಿ. ಭಾನುವಾರ ಮ್ಯಾಚ್ ನಡುವೆ ಕರೆಂಟ್ ಹೋದರೂ ಶನಿಯೇ. ಅವನದು ಮೇಷ ರಾಶಿ. 2025ರ ಮಾರ್ಚ್ 29ಕ್ಕೆ ಶನಿ ಮೀನಕ್ಕೆ ಬಂದ, ಮಂಜನಿಗೆ ಸಾಡೇಸಾತಿ ಹಿಡಿಯಿತು, ಅದನ್ನು ದಿನಾ ಕೇಳಬೇಕಾದ ನಮಗೂ ಹಿಡಿಯಿತು.

ಮೇಷ್ಟ್ರು ಎಷ್ಟು ದಿನ ಅಂತ ಸುಮ್ಮನಿರುತ್ತಾರೆ? ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟು ರಿಟೈರ್ ಆದವರು. ಯಾರಾದರೂ ತಪ್ಪು ಹೇಳಿದರೆ ಈಗಲೂ ಅವರ ಕೈ ಸೀಮೆಸುಣ್ಣ ಹುಡುಕುತ್ತದೆ.

"ಅಲ್ಲಯ್ಯಾ ಮಂಜ, ಅದೇ ಮಾರ್ಚ್ ತಿಂಗಳಲ್ಲಿ ಶನಿಯ ಕಥೆ ಏನಾಗಿತ್ತು ಗೊತ್ತಾ? ಹೊಸದಾಗಿ 128 ಚಂದ್ರ ಒಂದೇ ಸಲ ಲೆಕ್ಕಕ್ಕೆ ಬಂದವು, ಒಟ್ಟು 274 ಆಯಿತು. 23ನೇ ತಾರೀಖು ನೋಡಿದರೆ ಅವನ ಉಂಗುರವೇ ಕಾಣೆ. ಒಂದೇ ತಿಂಗಳಲ್ಲಿ ಮನೆಗೆ 128 ಜನ ಬಂದು, ಮೈಮೇಲಿನ ಒಡವೆಯೂ ಮಾಯವಾದವನಿಗೆ ನಿನ್ನ ಸ್ಕೂಟರ್ ಟೈರಿಗೆ ಮೊಳೆ ಚುಚ್ಚೋಕೆ ಪುರುಸೊತ್ತಿರುತ್ತಾ?"

"ಅಷ್ಟು ಜನ ಬಂದರೆ ಒಡವೆ ಅಡ ಇಡದೆ ಇನ್ನೇನು ಮಾಡ್ತಾನೆ, ಪಾಪ," ಎಂದಳು ಗೀತಾ. ಅವಳು ಬ್ಯಾಂಕಿನಲ್ಲಿ ಗೋಲ್ಡ್ ಲೋನ್ ವಿಭಾಗದಲ್ಲಿದ್ದಾಳೆ, ಅವಳಿಗೆ ಲೋಕ ಕಾಣುವುದೇ ಹಾಗೆ.

ಉಂಗುರ ಎಲ್ಲೂ ಹೋಗಿರುವುದಿಲ್ಲ ಅನ್ನಿ. ನಮಗೆ ಕಾಣುವ ಮುಖ್ಯ ಉಂಗುರಗಳ ಅಗಲ ಈ ತುದಿಯಿಂದ ಆ ತುದಿಗೆ ಸುಮಾರು 2.8 ಲಕ್ಷ ಕಿಲೋಮೀಟರ್. ದಪ್ಪ ನೋಡಿದರೆ ಹೆಚ್ಚಿನ ಕಡೆ ಹತ್ತಾರು ಮೀಟರ್ ಅಷ್ಟೇ. ಹದಿನಾಲ್ಕು ಹದಿನೈದು ವರ್ಷಕ್ಕೊಮ್ಮೆ ಅದರ ಅಂಚು ನೇರ ನಮ್ಮ ಕಡೆ ತಿರುಗುತ್ತದೆ, ಆಗ ಕಾಣಿಸಲು ಏನೂ ಇರುವುದಿಲ್ಲ. ಗೆಲಿಲಿಯೋಗೂ ಇದೇ ಆಗಿತ್ತು. 1610ರಲ್ಲಿ ಶನಿಯ ಎಡಬಲಕ್ಕೆ ಏನೋ ಎರಡು ಅಂಟಿಕೊಂಡಿರುವುದನ್ನು ನೋಡಿ ಖುಷಿಪಟ್ಟಿದ್ದ. 1612ರಲ್ಲಿ ಮತ್ತೆ ನೋಡಿದರೆ ಎರಡೂ ಇಲ್ಲ! ಅದು ಗ್ರಹದ ಸುತ್ತ ಇರುವ ಉಂಗುರ ಎಂದು ಹೈಗನ್ಸ್ ಬಿಡಿಸಿ ಹೇಳುವಷ್ಟರಲ್ಲಿ 1659 ಆಗಿತ್ತು, ಗೆಲಿಲಿಯೋ ತೀರಿಕೊಂಡು ವರ್ಷಗಳೇ ಕಳೆದಿದ್ದವು.

ಮಂಜನಿಗೆ ಉಂಗುರದ ಚಿಂತೆ ಇಲ್ಲ. "274 ಚಂದ್ರ ಇದ್ರೆ ಸಂಕಷ್ಟಿ ಉಪವಾಸ ಮಾಡೋರು ಯಾವ ಚಂದ್ರನ್ನ ನೋಡಿ ಊಟ ಮಾಡ್ಬೇಕು?"

ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ, ಮೇಷ್ಟ್ರೂ ಒಂದು ಕ್ಷಣ ತಬ್ಬಿಬ್ಬಾದರು. ಹೊಸದಾಗಿ ಸೇರಿದ 128 ಕೂಡ ಬರೀ ಕೆಲವು ಕಿಲೋಮೀಟರ್ ಗಾತ್ರದ ಬಂಡೆಗಳು, ಶನಿಯಿಂದ ಎಲ್ಲೋ ದೂರದಲ್ಲಿ ಸುತ್ತುತ್ತಿರುತ್ತವೆ, ಅವುಗಳಲ್ಲಿ ಹುಣ್ಣಿಮೆ ಹುಡುಕಬೇಡ ಎಂದರು. ಉಂಗುರದ ಸಂದಿಯಲ್ಲೇ ಓಡಾಡುವ ಪ್ಯಾನ್ ಎಂಬ ಚಂದ್ರ ಒಂದಿದೆ, ಉದ್ದಗಲ ಮೂವತ್ತು ಕಿಲೋಮೀಟರ್ ಹತ್ತಿರ. ಉಂಗುರದ ಪುಡಿ ಅದರ ಸೊಂಟದ ಸುತ್ತ ಕೂತು ಕೂತು ಅಂಚು ಬೆಳೆದಿದೆ. 2017ರಲ್ಲಿ ಕ್ಯಾಸಿನಿ ನೌಕೆ ಹತ್ತಿರದಿಂದ ತೆಗೆದ ಫೋಟೋ ನೋಡಿದರೆ ಥೇಟ್ ಅಂಚು ಒತ್ತಿದ ಕರಿಗಡುಬು. "ಉಪವಾಸದವರಿಗೆ ಅದನ್ನ ತೋರಿಸಬಾರದು," ಎಂದಳು ಗೀತಾ.

ಅಷ್ಟು ಹೊತ್ತು ಫೋನ್ ನೋಡುತ್ತಾ ಕೂತಿದ್ದ ರಫೀಕ್ ತಲೆ ಎತ್ತಿದ. ರಫೀಕ್ ವಕೀಲ. ಯಾರನ್ನಾದರೂ ಎಲ್ಲರೂ ಸೇರಿ ಬಯ್ಯುವುದು ಕಂಡರೆ ಅವನಿಗೆ ಕೈ ತುರಿಸುತ್ತದೆ. "ಶನಿಯ ಪರ ನಾನು ವಕಾಲತ್ತು ಹಾಕ್ತೀನಿ. ಇಷ್ಟು ವರ್ಷ ಅವನೊಬ್ಬನನ್ನೇ ಬಯ್ದಿದ್ದೀರಿ, ಪಕ್ಕದ ಮನೆಯ ಗುರುವಿನ ಮೇಲೆ ಒಂದು ದೂರಾದರೂ ಇದೆಯಾ? ಅವನು ತನ್ನ ಚಂದ್ರಗಳನ್ನ ಹೇಗೆ ನಡೆಸಿಕೊಳ್ತಾನೆ, ನೋಡಿದ್ದೀರಾ?"

"ಗುರುವಿನ ತಂಟೆಗೆ ಬರಬೇಡ," ಎಂದಳು ಗೀತಾ. ಅವಳ ತಮ್ಮನಿಗೆ ಹೆಣ್ಣು ಹುಡುಕುತ್ತಿದ್ದಾರೆ, ಗುರುಬಲ ಬರಲಿ ಅಂತ ಮನೆಯಲ್ಲಿ ಎಲ್ಲರೂ ಕ್ಯಾಲೆಂಡರ್ ನೋಡುತ್ತಾ ಕೂತಿದ್ದಾರೆ. ಅಷ್ಟು ಸಾಕಾಯಿತು, ಕೇಸು ನಡೆಯಿತು.

ಮೊದಲ ಸಾಕ್ಷಿ ಐಯೋ. ಗುರುವಿನ ದೊಡ್ಡ ಚಂದ್ರಗಳಲ್ಲಿ ಅವನಿಗೆ ತೀರಾ ಹತ್ತಿರದ್ದು. ಅದರ ಪಾಡು ಕೇಳಿದರೆ ಅಳು ಬರುತ್ತದೆ. ಗ್ಯಾನಿಮೀಡ್ ಗುರುವನ್ನು ಒಂದು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು ಸುತ್ತು, ಐಯೋ ನಾಲ್ಕು ಸುತ್ತು ಮುಗಿಸಿರುತ್ತವೆ. ಈ ತಾಳ ತಪ್ಪುವುದೇ ಇಲ್ಲ. ಹಾಗಾಗಿ ಹೊರಗಿನ ಆ ಎರಡು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಐಯೋವನ್ನು ಎಳೆಯುತ್ತವೆ, ಅದರ ದಾರಿ ದುಂಡಗಾಗಲು ಬಿಡುವುದಿಲ್ಲ. ಗುರುವಿಗೆ ಒಮ್ಮೆ ಸ್ವಲ್ಪ ಹತ್ತಿರ, ಒಮ್ಮೆ ಸ್ವಲ್ಪ ದೂರ, ಅದೂ ಎರಡು ದಿನ ತುಂಬುವುದರೊಳಗೆ. ನಮ್ಮಲ್ಲಿ ಸಮುದ್ರದ ನೀರು ಏರಿಳಿಯುವುದಕ್ಕೆ ಉಬ್ಬರವಿಳಿತ ಅನ್ನುತ್ತೇವೆ, ಅಲ್ಲಿ ನೆಲವೇ ನೂರು ಮೀಟರ್‌ವರೆಗೆ ಏರಿಳಿಯುತ್ತದೆ. ಆ ತಿಕ್ಕಾಟಕ್ಕೆ ಒಳಗೆಲ್ಲ ಕಾದು ಕರಗಿ, ನೂರಾರು ಜ್ವಾಲಾಮುಖಿಗಳು ಗಂಧಕ ಕಕ್ಕುತ್ತಾ ಕೂತಿವೆ.

ಇದರಲ್ಲಿ ನನಗೆ ಇಷ್ಟವಾಗುವ ಭಾಗ ಬೇರೆ ಇದೆ. 1979ರ ಮಾರ್ಚ್ 2ಕ್ಕೆ ಮೂವರು ವಿಜ್ಞಾನಿಗಳು, ಪೀಲ್, ಕ್ಯಾಸೆನ್ ಮತ್ತು ರೆನಾಲ್ಡ್ಸ್, ಬರೀ ಲೆಕ್ಕ ಹಾಕಿ ಐಯೋ ಒಳಗೆ ಕರಗಿರಬೇಕು ಎಂದು ಪ್ರಕಟಿಸಿದರು. ಮೂರೇ ದಿನಕ್ಕೆ ವಾಯೇಜರ್ 1 ಅದರ ಪಕ್ಕದಲ್ಲಿ ಹಾದುಹೋಯಿತು. ಮಾರ್ಚ್ 8ರಂದು ತೆಗೆದ ಒಂದು ಫೋಟೋವನ್ನು ಲಿಂಡಾ ಮೊರಾಬಿಟೋ ಎಂಬ ಎಂಜಿನಿಯರ್ ನೌಕೆ ಎಲ್ಲಿದೆ ಎಂದು ತಿಳಿಯಲು ನೋಡುತ್ತಿದ್ದರು, ಹಿಂದಿನ ನಕ್ಷತ್ರ ಕಾಣಲಿ ಅಂತ ಬೆಳಕು ಹೆಚ್ಚಿಸಿದರು. ಐಯೋದ ಅಂಚಿನಲ್ಲಿ ಕೊಡೆಯ ಆಕಾರದಲ್ಲಿ ಹೊಗೆ ಎದ್ದಿತ್ತು! ಪಂಚಾಂಗದವರಿಗೂ ಇಷ್ಟು ಬೇಗ ಫಲ ಸಿಕ್ಕಿದ್ದು ನಾನು ಕಂಡಿಲ್ಲ.

ಎರಡನೇ ಆರೋಪ ಕೊಲೆ. ಶೂಮೇಕರ್–ಲೆವಿ 9 ಎಂಬ ಧೂಮಕೇತು 1992ರಲ್ಲಿ ಗುರುವಿನ ಹತ್ತಿರ ಹೋಗಿದ್ದೇ ತಪ್ಪಾಯಿತು. ಹರಿದು ತುಂಡು ತುಂಡಾಯಿತು, ಎರಡು ವರ್ಷ ಅವನ ಸುತ್ತಲೇ ಸುತ್ತಿ, 1994ರ ಜುಲೈನಲ್ಲಿ ಒಂದರ ಹಿಂದೆ ಒಂದು ಅವನ ಮೇಲೇ ಬಿತ್ತು. ಬಿದ್ದ ಕಲೆಗಳಲ್ಲಿ ಕೆಲವು ನಮ್ಮ ಭೂಮಿಯಷ್ಟು ದೊಡ್ಡವು. "ಸಣ್ಣ ಟೆಲಿಸ್ಕೋಪಿನಲ್ಲೂ ಕಾಣಿಸ್ತಿತ್ತು, ಲೋಕಕ್ಕೆ ಲೋಕವೇ ಪ್ರತ್ಯಕ್ಷ ಸಾಕ್ಷಿ," ಎಂದ ರಫೀಕ್. ಮೂರನೇ ಆರೋಪ ವಿಕಿರಣ. ಯುರೋಪಾ ಮೇಲೆ ರಕ್ಷಣೆ ಇಲ್ಲದೆ ಒಂದು ದಿನ ನಿಂತರೆ ಮನುಷ್ಯ ಬದುಕುವುದು ಕಷ್ಟ.

ಗೀತಾ ಬಿಡಬೇಕಲ್ಲ. "ಗುರು ಎಳೀತಾನೆ ಸರಿ, ಅದೇ ಎಳೆತದಿಂದ ತಾನೇ ಯುರೋಪಾ ಒಳಗೆ ಸಮುದ್ರ ಹೆಪ್ಪುಗಟ್ಟದೆ ಉಳಿದಿರೋದು? ಮೇಲೆ ಐಸ್, ಕೆಳಗೆ ಉಪ್ಪುನೀರು, ನಮ್ಮ ಎಲ್ಲ ಸಮುದ್ರ ಸೇರಿಸಿದರೂ ಅದರ ಅರ್ಧ ಆಗಬಹುದು ಅಂತಾರೆ. ಸೂರ್ಯನಿಂದ ಅಷ್ಟು ದೂರದಲ್ಲಿ ಅವನಲ್ಲದೆ ಇನ್ಯಾರು ನೀರು ಕಾಯಿಸಿ ಕೊಡ್ತಿದ್ರು? ಅವನಷ್ಟು ಭಾರ ಇರೋನು ಸ್ವಲ್ಪ ಗಟ್ಟಿಯಾಗಿ ಹಿಡ್ಕೋತಾನಪ್ಪ. ಭೂಮಿಯ 318 ಪಟ್ಟು, ಉಳಿದ ಎಲ್ಲ ಗ್ರಹ ಒಂದು ತಟ್ಟೆಯಲ್ಲಿ ಹಾಕಿದ್ರೂ ತಕ್ಕಡಿ ಅವನ ಕಡೆಗೇ ಬೀಳುತ್ತೆ."

ಈ ಮಾತಿಗೆ ರಫೀಕ್ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವನು ಕೋಲಾರದವನು, ನೀರಿನ ವಿಷಯದಲ್ಲಿ ಸುಲಭಕ್ಕೆ ನಂಬುವುದಿಲ್ಲ. "ಎಷ್ಟು ಅಡಿಗೆ ನೀರು?" ಎಂದ. ಐಸೇ ಹತ್ತು ಇಪ್ಪತ್ತು ಕಿಲೋಮೀಟರ್ ದಪ್ಪ ಇರಬಹುದು ಎಂದರು ಮೇಷ್ಟ್ರು. "ಹಾಗಾದ್ರೆ ಬೇಡ ಬಿಡಿ, ನಮ್ಮಲ್ಲಿ ಸಾವಿರದೈನೂರು ಅಡಿಗೇ ಧೂಳು ಬರುತ್ತೆ."

ಆಮೇಲೆ ಅವನು ತನ್ನ ಕಕ್ಷಿದಾರನ ಕಡೆಯ ಸಾಕ್ಷಿ ತಂದ. ಶನಿಯ ಎನ್ಸೆಲಾಡಸ್. ಬರೀ 500 ಕಿಲೋಮೀಟರ್ ಅಗಲದ ಬಿಳಿ ಚಂದ್ರ. 2005ರಲ್ಲಿ ಕ್ಯಾಸಿನಿ ನೋಡಿದಾಗ ಅದರ ದಕ್ಷಿಣ ತುದಿಯ ಬಿರುಕುಗಳಿಂದ ನೀರಿನ ಹಬೆ, ಐಸಿನ ಹರಳು ಆಕಾಶಕ್ಕೆ ಚಿಮ್ಮುತ್ತಿತ್ತು. ಬೋರ್‌ವೆಲ್ ಬೇಡ, ನೀರೇ ಮೇಲೆ ಬಂದು ಶನಿಯ ಹೊರಗಿನ ಒಂದು ಉಂಗುರವನ್ನೇ ಕಟ್ಟಿದೆ. ಕ್ಯಾಸಿನಿ ಆ ಚಿಮ್ಮುವ ನೀರೊಳಗೇ ಹಾದುಹೋಗಿ ಉಪ್ಪು, ಇಂಗಾಲದ ಸಂಯುಕ್ತ, ಹೈಡ್ರೋಜನ್ ಎಲ್ಲ ಪತ್ತೆ ಮಾಡಿತು. ಅಲ್ಲಿ ಜೀವ ಇದ್ದರೂ ಇರಬಹುದು, ನಮ್ಮ ಕೊಳೆ ತಾಗದಿರಲಿ ಅಂತ, ಇಂಧನ ಮುಗಿಯುತ್ತಾ ಬಂದಾಗ 2017ರ ಸೆಪ್ಟೆಂಬರ್ 15ಕ್ಕೆ ಆ ನೌಕೆಯನ್ನು ಶನಿಯೊಳಗೇ ಇಳಿಸಿ ಸುಟ್ಟರು.

"ಟೈಟನ್ ಅಂತೂ ಬಾಡಿಗೆಗೆ ಸಿಕ್ಕರೆ ಬಿಡಲೇಬಾರದು," ಎಂದ ರಫೀಕ್. ಅದು ಶನಿಯ ಇನ್ನೊಂದು ಚಂದ್ರ. ನಮ್ಮದಕ್ಕಿಂತ ಒಂದೂವರೆ ಪಟ್ಟು ಒತ್ತಡದ ಗಾಳಿ, ನಮ್ಮ ಏಳನೇ ಒಂದು ಭಾಗದಷ್ಟೇ ಗುರುತ್ವ. ತೋಳಿಗೆ ರೆಕ್ಕೆ ಕಟ್ಟಿಕೊಂಡರೆ ಮನುಷ್ಯ ಹಾರಬಹುದು. ಮಳೆ ಬರುತ್ತದೆ, ನದಿ ಹರಿಯುತ್ತದೆ, ಕೆರೆ ತುಂಬುತ್ತದೆ, ಎಲ್ಲವೂ ಮೀಥೇನ್. 2005ರ ಜನವರಿ 14ಕ್ಕೆ ಹೈಗನ್ಸ್ ಎಂಬ ಪುಟ್ಟ ನೌಕೆ ಅಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ಇಳಿದು, ಉರುಟು ಕಲ್ಲುಗಳ ಫೋಟೋ ಕೂಡ ಕಳಿಸಿದೆ.

"ಕೆರೆ ತುಂಬಾ ಗ್ಯಾಸಾ? ಸಿಲಿಂಡರ್ ಬುಕ್ ಮಾಡೋ ಹಾಗೇ ಇಲ್ವಾ?" ಮಂಜನ ಕಣ್ಣು ಹೊಳೆಯಿತು.

"ಗ್ಯಾಸ್ ಇದೆ, ಹಚ್ಚೋಕೆ ಆಕ್ಸಿಜನ್ ಇಲ್ಲ," ಎಂದರು ಮೇಷ್ಟ್ರು. "ಚಳಿ ಮೈನಸ್ 179 ಡಿಗ್ರಿ. ಹಿಟ್ಟು ರುಬ್ಬಿಟ್ಟರೆ ಇಡ್ಲಿಗೆ ಹುದುಗು ಬರಲ್ಲ."

ಅಲ್ಲಿಗೆ ಮಂಜ ಟೈಟನ್ ಬಿಟ್ಟ. ಗೀತಾ ಮಾತ್ರ ಅಡ್ಡ ಸವಾಲಿಗೆ ನಿಂತಳು. ಶನಿಗೆ ಆ ಉಂಗುರ ಎಲ್ಲಿಂದ ಬಂತು? ಹತ್ತಿರ ಬಂದ ಒಂದು ಐಸಿನ ಚಂದ್ರವನ್ನು ಅವನೇ ಹರಿದು ಹಾಕಿದ್ದು ಅಂತ ಹೇಳುವ ವಿಜ್ಞಾನಿಗಳೂ ಇದ್ದಾರಲ್ಲ? ಹಾಗಿದ್ದರೆ ಇಷ್ಟು ದಿನ ನಾವೆಲ್ಲ ಸುಂದರ, ಸುಂದರ ಎಂದು ನೋಡುತ್ತಿರುವುದು ಹೆಣದ ತುಂಡುಗಳನ್ನಾ? ರಫೀಕ್ ಎದ್ದು, "ಅದು ಬರೀ ಒಂದು ವಾದ, ಇನ್ನೂ ಸಾಬೀತಾಗಿಲ್ಲ. ಅನುಮಾನದ ಲಾಭ ಆರೋಪಿಗೆ," ಎಂದ. ನನಗೆ ಕೇಳಿದರೆ ಇಬ್ಬರೂ ಒಂದೇ. ದೊಡ್ಡವರ ಹತ್ತಿರ ಹೋಗುವಾಗ ಎಷ್ಟು ದೂರ ನಿಲ್ಲಬೇಕು ಅನ್ನುವುದು ಚಂದ್ರಗಳಿಗೆ ಗೊತ್ತಿರಬೇಕು.

ಈ ಜಗಳದಲ್ಲಿ ಯುರೇನಸ್, ನೆಪ್ಚೂನ್ ಹೆಸರನ್ನು ಒಬ್ಬರೂ ಎತ್ತಲಿಲ್ಲ ನೋಡಿ. ನಾನು ಎತ್ತಿದೆ. ಯುರೇನಸ್ ಅಡ್ಡ ಮಲಗಿಕೊಂಡೇ ಸೂರ್ಯನನ್ನು ಸುತ್ತುತ್ತದೆ, ವಾಲಿಕೆ 98 ಡಿಗ್ರಿ. ಮೇಲಿನ ಮೋಡದಲ್ಲಿ ಹೈಡ್ರೋಜನ್ ಸಲ್ಫೈಡ್ ಇರುವುದು 2018ರಲ್ಲಿ ಖಚಿತವಾಯಿತು. ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರಿಂದಲೇ. 1781ರ ಮಾರ್ಚ್ 13ಕ್ಕೆ ಇಂಗ್ಲೆಂಡಿನ ಬಾತ್ ಊರಿನಲ್ಲಿ ವಿಲಿಯಂ ಹರ್ಷೆಲ್ ಎಂಬ ಸಂಗೀತಗಾರ ತನ್ನ ಹಿತ್ತಲಿನಿಂದ ಅದನ್ನು ಕಂಡ, ಅದಕ್ಕೆ ರಾಜ ಮೂರನೇ ಜಾರ್ಜ್‌ನ ಹೆಸರಿಟ್ಟ, ವರ್ಷಕ್ಕೆ 200 ಪೌಂಡ್ ಸಂಬಳ ಸಿಕ್ಕಿತು. ಹೆಸರು ಉಳಿಯಲಿಲ್ಲ, ಸಂಬಳ ಉಳಿಯಿತು. ಗೆಲಿಲಿಯೋ ಏನು ಕಡಿಮೆ? ಗುರುವಿನ ನಾಲ್ಕು ಚಂದ್ರಗಳಿಗೆ ಮೆಡಿಚಿ ಮನೆತನದ ಹೆಸರಿಟ್ಟು ಆಸ್ಥಾನದ ಕೆಲಸ ಗಿಟ್ಟಿಸಿದ್ದ. "ಮಂಜ, ನೀನೂ ಒಂದು ಚಂದ್ರ ಹುಡುಕಿ ನಿನ್ನ ಬಾಸ್ ಹೆಸರಿಡು," ಎಂದಳು ಗೀತಾ.

ಯುರೇನಸ್ ವಿಷಯದಲ್ಲಿ ನಮ್ಮವರದೂ ಒಂದು ಕಥೆ ಇದೆ, ಅದನ್ನು ಮೇಷ್ಟ್ರು ಹೇಳಿಯೇ ಬಿಟ್ಟರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರ ಟೆಲಿಸ್ಕೋಪ್ ತಮಿಳುನಾಡಿನ ಕಾವಲೂರಿನಲ್ಲಿದೆ. 1977ರ ಮಾರ್ಚ್ 10ಕ್ಕೆ ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಅಲ್ಲಿ ಕಾದು ಕೂತಿದ್ದರು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರದ ಬೆಳಕು ಒಮ್ಮೆ ಕುಸಿದು ಮೇಲೆದ್ದಿತು. ಹೊಸ ಚಂದ್ರ ಇರಬೇಕು ಎಂದುಕೊಂಡು ಪ್ರಕಟಿಸಿದರು. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ಹಾರುತ್ತಿದ್ದ ಅಮೆರಿಕನ್ನರಿಗೆ ಗ್ರಹದ ಎರಡೂ ಬದಿಯಲ್ಲಿ ಅಂಥದ್ದೇ ಕುಸಿತಗಳು ಕಂಡವು. ಒಂದೇ ಚಂದ್ರ ಎರಡೂ ಕಡೆ ಅಡ್ಡ ಬರುವುದಿಲ್ಲವಲ್ಲ, ಹಾಗಾಗಿ ಯುರೇನಸ್‌ಗೂ ಉಂಗುರ ಇದೆ ಎಂದು ಗೊತ್ತಾಯಿತು. ಕಾವಲೂರಿನವರು ಕಂಡಿದ್ದೂ ಆ ಉಂಗುರವನ್ನೇ. ಇದನ್ನು ಯಾಕೆ ಯಾವ ಶಾಲೆಯಲ್ಲೂ ಜಾಸ್ತಿ ಹೇಳುವುದಿಲ್ಲವೋ!

"ಆದ್ರೂ ಈ ಎರಡು ಒಳ್ಳೆ ಗ್ರಹ, ಯಾರ ಜಾತಕಕ್ಕೂ ಬರಲ್ಲ," ಎಂದ ಮಂಜ.

"ಬಂದಿದ್ರೆ ಏನಾಗ್ತಿತ್ತು ಲೆಕ್ಕ ಹಾಕು," ಎಂದು ಮೇಷ್ಟ್ರು ಬಿಲ್ಲಿನ ಹಿಂದೆಯೇ ಬರೆದರು. ಶನಿ ಸೂರ್ಯನನ್ನು ಸುತ್ತಲು ಇಪ್ಪತ್ತೊಂಬತ್ತೂವರೆ ವರ್ಷ, ರಾಶಿಗೆ ಎರಡೂವರೆ, ಮೂರು ರಾಶಿಗೆ ಏಳೂವರೆ. ಯುರೇನಸ್‌ಗೆ 84 ವರ್ಷ, ರಾಶಿಗೆ ಏಳು. ಅದರ ಕಾಟ 21 ವರ್ಷ. ನೆಪ್ಚೂನ್‌ಗೆ 165 ವರ್ಷ, ಅದು ಹಿಡಿದರೆ ಬಿಡುವುದು 41 ವರ್ಷಕ್ಕೆ. 1846ರ ಸೆಪ್ಟೆಂಬರ್ 23ರಂದು ಬರ್ಲಿನ್‌ನಲ್ಲಿ ಅದನ್ನು ಕಂಡಮೇಲೆ ಅದು ಮೊದಲ ಸುತ್ತು ಮುಗಿಸಿದ್ದೇ 2011ರಲ್ಲಿ. ಮಂಜ ಆ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದ. ಶನಿಯ ಬಗ್ಗೆ ಅವನ ಮುಖದಲ್ಲಿ ಮೊದಲ ಸಲ ಸ್ವಲ್ಪ ಗೌರವ ಕಂಡಿತು.

ಆ ಎರಡು ಗ್ರಹಗಳಿಗೆ ಹೋಗಿ ಬಂದವರು, ಅಲ್ಲ, ಹೋದವರು ಎಂದರೆ ವಾಯೇಜರ್ 2 ಒಂದೇ. 1986ರಲ್ಲಿ ಯುರೇನಸ್, 1989ರಲ್ಲಿ ನೆಪ್ಚೂನ್. ಅದರಲ್ಲಿ 55 ಭಾಷೆಗಳ ಶುಭಾಶಯದ ಗ್ರಾಮಫೋನ್ ತಟ್ಟೆ ಇದೆ, ಅದರಲ್ಲಿ "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು" ಎಂಬುದೂ ಇದೆ. ನೆಪ್ಚೂನ್ ಹತ್ತಿರ ಅದು ಕಂಡ ಟ್ರೈಟನ್ ಇನ್ನೊಂದು ವಿಚಿತ್ರ. ಗ್ರಹ ತಿರುಗುವುದು ಒಂದು ಕಡೆ, ಈ ಚಂದ್ರ ಸುತ್ತುವುದು ಉಲ್ಟಾ ಕಡೆ. ಎಲ್ಲಿಂದಲೋ ಬಂದು ಸಿಕ್ಕಿಬಿದ್ದದ್ದು ಇರಬೇಕು ಎನ್ನುತ್ತಾರೆ. "ನೆಪ್ಚೂನ್ ಮೇಲೆ ಅಕ್ರಮ ಬಂಧನದ ಕೇಸು ಹಾಕಬಹುದು," ಎಂದು ರಫೀಕ್ ಆಗಲೇ ಶುರು ಮಾಡಿದ್ದ.

ಗೀತಾ ತಡೆದಳು. ಇರೋ ಕೇಸೇ ಮುಗಿದಿಲ್ಲ, ತೀರ್ಪು ಹೇಳಿ ಎಂದಳು. ಮೇಷ್ಟ್ರು ಸಾಕ್ಷಿಗಳು ಬರಬೇಕಲ್ಲ ಎಂದರು. 2024ರಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ ಗುರುವಿನ ಹತ್ತಿರ ತಲುಪುವುದು 2030ಕ್ಕೆ. ಯುರೋಪಿನವರ ಜ್ಯೂಸ್ 2031ಕ್ಕೆ, ಅದು ಗ್ಯಾನಿಮೀಡನ್ನೇ ಸುತ್ತಲಿದೆ. ಟೈಟನ್ ಮೇಲೆ ಹಾರಾಡಲಿರುವ ಡ್ರಾಗನ್‌ಫ್ಲೈ ಇನ್ನೂ ಭೂಮಿಯಲ್ಲೇ ಇದೆ, 2028ಕ್ಕೆ ಹೊರಟರೆ 2034ಕ್ಕೆ ಸೇರುವುದು.

"ಒಂಬತ್ತು ಹತ್ತು ವರ್ಷದ ವಾಯಿದೆ ನನಗೆ ಮಾಮೂಲಿ," ಎಂದ ರಫೀಕ್. "ನನ್ನ ಸಿವಿಲ್ ಕೇಸುಗಳಿಗಿಂತ ಇವರೇ ವಾಸಿ, ಬರೋ ತಾರೀಖಾದ್ರೂ ಹೇಳ್ತಾರೆ."