ಸಹಾಯ ಬೇಕು: ಸಿವಿಟಿ ಗಾಡಿ ರಿಕಾಲ್, ಪಾರ್ಟ್ ಎಲ್ಲಿ ಸಿಗ್ತದ?

ನಮಸ್ಕಾರ ರೀ. 2023ರ ಪೆಟ್ರೋಲ್ ಸಿವಿಟಿ (ಬೆಲ್ಟ್-ಪುಲ್ಲಿ ಮ್ಯಾಲೆ ನಡಿಯೂ ಆಟೋಮ್ಯಾಟಿಕ್ ಗಿಯರ್‌ಬಾಕ್ಸ್) ಕಾರು, ಕೆಎ 28 (ವಿಜಯಪುರ) ಪಾಸಿಂಗ್. ಸೆಕೆಂಡ್ ಹ್ಯಾಂಡ್, ಹಿಂಗಾಗಿ ರಿಕಾಲ್ (ದೋಷ ಇದ್ದ ಗಾಡಿ ಕಂಪನಿನೇ ಕರಸಿ ರಿಪೇರಿ ಮಾಡೂದು) ಪತ್ರ ಹಳೇ ಮಾಲಕರಿಗೆ ಹೋಗ್ಯದ. ಕಂಪನಿ ವೆಬ್‌ಸೈಟ್‌ನಾಗ 17 ಅಂಕಿ-ಅಕ್ಷರದ ಚಾಸಿ ನಂಬರ್ ಹಾಕಿದ್ರ ‘ರಿಪೇರಿ ಬಾಕಿ’ ಅಂತ ತೋರಸ್ತದ.

ದೋಷ ಗಿಯರ್‌ಬಾಕ್ಸಿನ ಎಲೆಕ್ಟ್ರಿಕ್ ಆಯಿಲ್ ಪಂಪಿನ ಕಂಟ್ರೋಲರ್‌ದು. ಸಿಗ್ನಲ್‌ನಾಗ ಇಂಜಿನ್ ತಾನ ಬಂದ್ ಆದಾಗ ಅದರ ಮ್ಯಾಲೆ ನಡಿಯೂ ದೊಡ್ಡ ಪಂಪೂ ನಿಲ್ತದ. ಆವಾಗ ಆಯಿಲ್ ಒತ್ತಡ ಹಿಡದಿಡೂದು ಈ ಸಣ್ಣ ಪಂಪ್. ಇದು ಕೈಕೊಟ್ರ ಗಾಡಿ ಎತ್ತೂವಾಗ ಜರ್ಕ್ ಹೊಡಿತದ, ಬೆಲ್ಟ್ ಜಾರಿ ಪುಲ್ಲಿಗೆ ಗೀರು ಬೀಳಬಹುದು. ಸದ್ಯಕ್ಕ ಐಡಲ್ ಸ್ಟಾಪ್ (ಇಂಜಿನ್ ತಾನ ಬಂದ್ ಆಗೂ ಸೌಲಭ್ಯ) ಆಫ್ ಮಾಡೇ ಓಡಸೂದು. (ಪ್ರತಿ ಸಲ ಸ್ಟಾರ್ಟ್ ಮಾಡಿದ ಮ್ಯಾಲೆ ಮತ್ತ ಬಟನ್ ಒತ್ತಬೇಕು, ದೊಡ್ಡ ತಲಿನೋವು.)

ಇಲ್ಲಿ ಸರ್ವಿಸ್ ಸೆಂಟರ್‌ನವರು ಪಾರ್ಟ್ ಇಲ್ಲ, ಸ್ಕ್ಯಾನಿಂಗ್‌ಗೆ ರೊಕ್ಕ ಕೊಡ್ರಿ ಅಂತಾರ. ರಿಕಾಲ್ ಕೆಲಸಕ್ಕ ರೊಕ್ಕ ಯಾಕ್ರೀ? ಪಾರ್ಟ್, ಲೇಬರ್ ಎರಡೂ ಕಂಪನಿ ಖರ್ಚು, ಮಾಲಕ ಬದಲಾದ್ರೂ ಅಷ್ಟ.

ಬೆಳಗಾವಿ, ಬಾಗಲಕೋಟೆ ಕಡೆ ಯಾರರೆ ಈ ಕೆಲಸ ಮಾಡಿಸೀರೇನು? ಬರೇ ಕಂಟ್ರೋಲರ್ ಹಾಕಿದ್ರೋ, ಪೂರ್ತಿ ಪಂಪೋ? ಸಿವಿಟಿ ಆಯಿಲ್ ಲೆವೆಲ್ ಗಿಯರ್‌ಬಾಕ್ಸ್ ಬಿಸಿ ಆದ ಮ್ಯಾಲೆ ನೋಡಿದ್ರೇನು? ಜಾಬ್ ಕಾರ್ಡ್‌ನಾಗ ರಿಕಾಲ್ ನಂಬರ್ ಬರದು ಕೊಟ್ಟಿದ್ರ ಒಂದು ಫೋಟೋ ಹಾಕ್ರಿ, ನಿಮ್ಮ ಹೆಸರು, ಗಾಡಿ ನಂಬರ್ ಮುಚ್ಚಿ.